ಟಿ-ಡಿಸ್‌ಪ್ಲೇ ಬೋರ್ಡ್: ಬೆಳಕಿದೆ, ಅಕ್ಷರವಿಲ್ಲ. ಕನ್ನಡ ಲೇಬಲ್ ಹಾಕುವುದು ಹೇಗೆ?

ಹಸಿಮಣ್ಣು (ಪ್ರಶ್ನೆ)

ಬೋರ್ಡ್ ಲಿಲಿಗೋ ಕಂಪನಿಯ, ಸಣ್ಣ ಪರದೆ ಕೂಡಿಬಂದಿರುವ ಟಿಟಿಜಿಒ ಟಿ-ಡಿಸ್‌ಪ್ಲೇ. ಎಸ್3 ಅಲ್ಲ, ಮೊದಲಿನ ಇಎಸ್‌ಪಿ32 ಇರುವ ಮಾದರಿ. 4 ಎಂಬಿ ಫ್ಲ್ಯಾಶ್, 1.14 ಇಂಚಿನ 135×240 ಪರದೆ, ಅದನ್ನು ನಡೆಸುವುದು ಎಸ್‌ಟಿ7789 ಚಿಪ್. ಉಬುಂಟುವಿನಲ್ಲಿ ಆರ್ಡುಯಿನೊ ಐಡಿಇ 2, ಪರದೆಗೆ ಬರೆಯಲು ಟಿಎಫ್‌ಟಿ-ಇಎಸ್‌ಪಿಐ ಲೈಬ್ರರಿ 2.5.43.

ಪರದೆಯ ಮೇಲೆ ಬೇಕಿರುವುದು ಮೂರೇ ಸಾಲು: ತಾಪ, ಆರ್ದ್ರತೆ, ಮಣ್ಣಿನ ತೇವ. ತಾಪ ಮತ್ತು ಆರ್ದ್ರತೆಗೆ ಎಸ್‌ಎಚ್‌ಟಿ31 ಸೆನ್ಸರ್ (ಪಿನ್ 21, 22), ಮಣ್ಣಿಗೆ ಕೆಪ್ಯಾಸಿಟಿವ್ ಅನಲಾಗ್ ಸೆನ್ಸರ್ (ಪಿನ್ 27). ಹೆಸರುಗಳು ಕನ್ನಡದಲ್ಲೇ ಬರಬೇಕು, ನೋಡುವವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ.

ಈಗಿನ ಸ್ಥಿತಿ:

ಒಂದು, ಕಂಪೈಲ್ ಆಗುತ್ತದೆ, ಅಪ್‌ಲೋಡ್ ಆಗುತ್ತದೆ. ರೀಸೆಟ್ ಒತ್ತಿದರೆ ಪರದೆಯ ಬೆಳಕು ಒಮ್ಮೆ ಮಿಣುಕಿ ಹಾಗೇ ನಿಲ್ಲುತ್ತದೆ, ಅಕ್ಷರ ಮಾತ್ರ ಇಲ್ಲ. ಯೂಸರ್-ಸೆಟಪ್ ಫೈಲ್‌ನಲ್ಲಿ ಎಸ್‌ಟಿ7789 ಸಾಲು ತೆರೆದು, ಅಗಲ 135, ಎತ್ತರ 240 ಕೊಟ್ಟು, ಕೆಳಗೆ ಇಎಸ್‌ಪಿ32ಗೆ ಅಂತ ಬರೆದಿದ್ದ ಪಿನ್ ಸಾಲುಗಳ ಕಾಮೆಂಟ್ ತೆಗೆಯಲಾಗಿದೆ.

ಎರಡು, ನೋಟೊ ಸ್ಯಾನ್ಸ್ ಕನ್ನಡ ಫಾಂಟನ್ನು ಲೈಬ್ರರಿಯ ಸ್ಮೂತ್ ಫಾಂಟ್ (ಅಂಚು ನಯವಾದ ಅಕ್ಷರಗಳ ಫೈಲ್) ಆಗಿ ಪರಿವರ್ತಿಸಿದರೆ ಕನ್ನಡ ನೇರವಾಗಿ ಬರೆಯಬಹುದೇ?

ಮೂರು, ಮಣ್ಣಿನ ಸೆನ್ಸರ್ ಬರೀ ಸೀರಿಯಲ್ ಮಾನಿಟರ್‌ನಲ್ಲಿ ಸರಿಯಾಗಿ ಓದುತ್ತದೆ. ವೈಫೈ ಶುರುವಾದ ಕೂಡಲೇ ಓದು ಕೆಡುತ್ತದೆ. ಸೆನ್ಸರ್ ಬದಲಿಸಿದರೂ ಅದೇ ಕತೆ.

---

ಮೂರು_ವೋಲ್ಟ್

ಬೆಳಕು ಒಮ್ಮೆ ಮಿಣುಕಿ ನಿಲ್ಲುತ್ತದೆ ಎಂದಿರಲ್ಲ, ರೋಗ ಅಲ್ಲೇ ಸಿಕ್ಕಿಬಿದ್ದಿದೆ.

ಆ ಫೈಲ್‌ನಲ್ಲಿ ಇಎಸ್‌ಪಿ32ಗೆಂದು ಕಾಮೆಂಟ್ ಮಾಡಿಟ್ಟಿರುವ ಪಿನ್‌ಗಳು ಬಿಡಿ ಪರದೆಯನ್ನು ವೈರ್‌ನಲ್ಲಿ ಜೋಡಿಸುವವರಿಗೆ: ಮೋಸಿ (ಪರದೆಗೆ ಡೇಟಾ ಹೋಗುವ ತಂತಿ) 23, ಕ್ಲಾಕ್ 18, ಸಿಎಸ್ 15, ಡಿಸಿ 2, ರೀಸೆಟ್ 4. ನಿಮ್ಮ ಬೋರ್ಡ್‌ನಲ್ಲಿ ಪರದೆ ಕಾರ್ಖಾನೆಯಲ್ಲೇ ಬೇರೆ ಪಿನ್‌ಗಳಿಗೆ ಬೆಸೆದು ಬಂದಿದೆ:

ಮೋಸಿ 19
ಕ್ಲಾಕ್ 18
ಸಿಎಸ್ 5
ಡಿಸಿ 16
ರೀಸೆಟ್ 23
ಬ್ಯಾಕ್‌ಲೈಟ್ 4

ಲೈಬ್ರರಿ ಶುರುವಿನಲ್ಲಿ ರೀಸೆಟ್ ಪಿನ್ನನ್ನು ಮೇಲೆ (ವೋಲ್ಟೇಜ್ ಇರುವಂತೆ), ಕೆಳಗೆ (ಸೊನ್ನೆ ವೋಲ್ಟ್‌ಗೆ), ಮತ್ತೆ ಮೇಲೆ ಎಳೆಯುತ್ತದೆ. ಅದು ರೀಸೆಟ್ ಅಂದುಕೊಂಡಿರುವ 4 ನಿಮ್ಮಲ್ಲಿ ಬ್ಯಾಕ್‌ಲೈಟ್. ಹಾಗಾಗಿ ದೀಪ ಮಿಣುಕಿ ಹೊತ್ತಿಕೊಂಡಿತು. ಅಕ್ಷರದ ಡೇಟಾ ಹೋಗುತ್ತಿರುವುದು 23ಕ್ಕೆ, ಅಂದರೆ ಪರದೆಯ ನಿಜವಾದ ರೀಸೆಟ್ ತಂತಿಗೆ. ಪಾಪ, ಅದಕ್ಕೆ ಏಟು ಬೀಳುತ್ತಿದೆಯೇ ಹೊರತು ಮಾತು ಕೇಳಿಸುತ್ತಿಲ್ಲ. ಏನೂ ಸುಟ್ಟಿಲ್ಲ, ಚಿಂತೆ ಬೇಡ.

ಸರಿಪಡಿಸುವುದು ಹೀಗೆ. (ಇಲ್ಲಿ ಫೈಲ್ ಮತ್ತು ಫಂಕ್ಷನ್ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ, ಅಡ್ಡಗೆರೆ ಇರುವಲ್ಲಿ ಫೈಲ್ ಮತ್ತು ಸೆಟ್ಟಿಂಗ್ ಹೆಸರಾದರೆ ಅಂಡರ್‌ಸ್ಕೋರ್, ಫಂಕ್ಷನ್ ಹೆಸರಾದರೆ ಪದಗಳು ಕೂಡಿಕೊಂಡೇ ಇರುತ್ತವೆ.) ಯೂಸರ್-ಸೆಟಪ್ ಫೈಲನ್ನು ಮುಟ್ಟುವುದೇ ಬೇಡ. ಅದೇ ಫೋಲ್ಡರ್‌ನಲ್ಲಿ ಯೂಸರ್-ಸೆಟಪ್-ಸೆಲೆಕ್ಟ್ ಎಂಬ ಫೈಲಿದೆ. ಅದರಲ್ಲಿ ಮೇಲ್ಗಡೆ ಯೂಸರ್-ಸೆಟಪ್ ಅನ್ನು ಇನ್‌ಕ್ಲೂಡ್ ಮಾಡುವ ಸಾಲಿನ ಮುಂದೆ ಎರಡು ಓರೆಗೆರೆ ಹಾಕಿ. ಕೆಳಗೆ ಹುಡುಕಿಕೊಂಡು ಹೋದರೆ ಸೆಟಪ್25-ಟಿಟಿಜಿಒ-ಟಿ-ಡಿಸ್‌ಪ್ಲೇ ಎಂಬ ಸಾಲು ಸಿಗುತ್ತದೆ, ಅದರ ಮುಂದಿನ ಓರೆಗೆರೆ ತೆಗೆಯಿರಿ. ಒಂದೇ ಒಂದು ಸೆಟಪ್ ಸಾಲು ತೆರೆದಿರಬೇಕು. ಎರಡು ತೆರೆದಿದ್ದರೆ ಪಿನ್‌ಗಳು ಒಂದರ ಮೇಲೊಂದು ಕೂತು ಇನ್ನೊಂದು ಗೋಜಲು. ಉಳಿಸಿ, ಮತ್ತೆ ಕಂಪೈಲ್ ಮಾಡಿ.

ಅಗಲ, ಎತ್ತರ, ಪಿನ್ ಎಲ್ಲ ಕೈಯಲ್ಲೇ ತುಂಬುತ್ತೇನೆ ಎನ್ನುವವರು ಸಾಮಾನ್ಯವಾಗಿ ಬಿಟ್ಟುಬಿಡುವುದು ಸಿಜಿರ್ಯಾಮ್-ಆಫ್‌ಸೆಟ್ ಎಂಬ ಒಂದು ಸಾಲು. ಎಸ್‌ಟಿ7789 ಚಿಪ್‌ನೊಳಗಿನ ಮೆಮೊರಿ 240×320 ಚುಕ್ಕೆಗಳದು. ಗಾಜು 135×240, ಅದನ್ನು ಆ ಮೆಮೊರಿಯ ನಟ್ಟನಡುವೆ ಕೂರಿಸಿದ್ದಾರೆ. 240ರಲ್ಲಿ 135 ಕಳೆದರೆ 105, ಅರ್ಧ ಮಾಡಿದರೆ 52.5. ಅರ್ಧ ಚುಕ್ಕೆ ಇರಲು ಸಾಧ್ಯವಿಲ್ಲದ ಕಾರಣ ಪರದೆ ತಿರುಗಿಸಿದ ದಿಕ್ಕಿಗೆ ತಕ್ಕಂತೆ ಒಮ್ಮೆ 52, ಒಮ್ಮೆ 53 ಚುಕ್ಕೆ ಸರಿಸಬೇಕು. ಇನ್ನೊಂದು ದಿಕ್ಕಿನಲ್ಲಿ 40. ಆ ಸಾಲು ಇಲ್ಲದಿದ್ದರೆ ಚಿತ್ರ ಮೂಲೆಗೆ ಜಾರಿ, ಎರಡು ಅಂಚಿನಲ್ಲಿ ಬಣ್ಣಬಣ್ಣದ ಕಸ ಕೂತಿರುತ್ತದೆ. ಪರದೆ ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ ಹೋಗುವ ಬೋರ್ಡ್‌ಗಳಲ್ಲಿ ಈ ಜಾತಿಯವೂ ಇರುತ್ತವೆ.

ಮೊದಲ ಪರೀಕ್ಷೆಗೆ ಅಕ್ಷರ ಬೇಡ. ಇಡೀ ಪರದೆಗೆ ಕೆಂಪು, ಹಸಿರು, ನೀಲಿ ಒಂದೊಂದು ಸೆಕೆಂಡು ತುಂಬಿಸಿ. ಕೆಂಪಿನ ಜಾಗದಲ್ಲಿ ನೀಲಿ ಬಂದರೆ ಬಣ್ಣದ ಕ್ರಮ ತಿರುಗಿದೆ. ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಕಂಡರೆ ಇನ್ವರ್ಷನ್ ಸಾಲು ನೋಡಬೇಕು. ಸೆಟಪ್25ರಲ್ಲಿ ಎರಡೂ ಸರಿಯಿರುತ್ತವೆ. ಆಮೇಲೆ ಪರದೆಯ ನಾಲ್ಕು ಅಂಚಿಗೂ ಒಂದು ಚುಕ್ಕೆ ದಪ್ಪದ ಚೌಕಟ್ಟು ಎಳೆಯಿರಿ. ನಾಲ್ಕೂ ಗೆರೆ ಕಂಡರೆ ಆಫ್‌ಸೆಟ್ ಸರಿ.

ಒಂದು ಎಚ್ಚರಿಕೆ. ಐಡಿಇ ಲೈಬ್ರರಿ ಅಪ್‌ಡೇಟ್ ಕೇಳಿದಾಗ ಒಪ್ಪಿಕೊಂಡರೆ ಸೆಲೆಕ್ಟ್ ಫೈಲ್ ಹೊಸದಾಗಿ ಬರೆದುಹೋಗುತ್ತದೆ. ಆರು ತಿಂಗಳು ಸುಸೂತ್ರ ಓಡಿದ ಕೋಡ್ ಮುಂದಿನ ಅಪ್‌ಲೋಡ್‌ಗೆ ಪರದೆ ಕಪ್ಪು ಮಾಡಿತು ಎಂದರೆ ಮೊದಲು ನೋಡಬೇಕಾದ ಜಾಗ ಅದು. ಆರ್ಡುಯಿನೊ ಐಡಿಇ ಬದಲು ಪ್ಲಾಟ್‌ಫಾರ್ಮ್‌ಐಒ ಬಳಸುವವರು ಯೂಸರ್-ಸೆಟಪ್-ಲೋಡೆಡ್ ಅನ್ನು 1 ಮಾಡಿ, ಇಷ್ಟೂ ಪಿನ್‌ಗಳನ್ನು ಪ್ರಾಜೆಕ್ಟಿನ ಬಿಲ್ಡ್ ಫ್ಲ್ಯಾಗ್‌ಗಳಲ್ಲೇ ಬರೆದುಬಿಟ್ಟರೆ ಈ ಕಾಟವಿಲ್ಲ.

ಮೂರನೇ ಪ್ರಶ್ನೆ. ಸೆನ್ಸರ್‌ದು ತಪ್ಪಿಲ್ಲ, ಪಿನ್‌ದು. ಇಎಸ್‌ಪಿ32ರಲ್ಲಿ ಅನಲಾಗ್ ಓದುವ ಘಟಕ ಎರಡಿವೆ. ಎಡಿಸಿ2 ಎಂಬುದನ್ನು ವೈಫೈ ತನಗೆ ಎಳೆದುಕೊಳ್ಳುತ್ತದೆ. 0, 2, 4, 12ರಿಂದ 15, 25, 26, 27 ಎಲ್ಲ ಎಡಿಸಿ2. ಎಡಿಸಿ1ರ ಪಿನ್‌ಗಳು 32ರಿಂದ 39. ನಿಮ್ಮ ಬೋರ್ಡ್‌ನ ಅಂಚಿಗೆ ಬಂದಿರುವವುಗಳಲ್ಲಿ 32, 33, 36, 37, 38, 39 ಆಗುತ್ತವೆ. ಸೆನ್ಸರ್ ತಂತಿಯನ್ನು 27ರಿಂದ ಕಿತ್ತು 33ಕ್ಕೆ ಹಾಕಿ, ಮುಗಿಯಿತು. 34ರಲ್ಲಿ ಬ್ಯಾಟರಿ ವೋಲ್ಟೇಜ್ ಇದೆ, 35 ಬಲಗಡೆಯ ಬಟನ್, ಅವೆರಡನ್ನು ಬಿಡಿ. 34ರಿಂದ ಮೇಲಿನವು ಇನ್‌ಪುಟ್ ಮಾತ್ರ, ಒಳಗೆ ಪುಲ್‌ಅಪ್ ಇಲ್ಲ. ಅಲ್ಲಿ ರಿಲೇ ಓಡಿಸಲು ಹೋಗಬೇಡಿ.

ಮುಂದೆ ಪಂಪ್‌ಗೆ ರಿಲೇ ಸೇರಿಸುವ ಯೋಚನೆ ಇದ್ದರೆ ಪಿನ್ 12 ಬೇಡ. ಬೂಟ್ ಆಗುವ ಕ್ಷಣದಲ್ಲಿ 12 ಮೇಲಿದ್ದರೆ ಚಿಪ್ ಫ್ಲ್ಯಾಶ್‌ಗೆ 3.3 ವೋಲ್ಟ್ ಬದಲು 1.8 ವೋಲ್ಟ್ ಕೊಡುತ್ತದೆ, ಬೋರ್ಡ್ ಏಳುವುದೇ ಇಲ್ಲ. ರಿಲೇ ತಂತಿ ಕಿತ್ತರೆ ಓಡುತ್ತದೆ, ಹಾಕಿದರೆ ಸಾಯುತ್ತದೆ, ತಲೆ ಕೆಡುತ್ತದೆ. ವೈಫೈಗೂ ಡಿಜಿಟಲ್ ಔಟ್‌ಪುಟ್‌ಗೂ ಜಗಳವಿಲ್ಲದ ಕಾರಣ 25, 26, 27 ರಿಲೇಗೆ ಚೆನ್ನ.

---

ಅರ್ಕಾವತ್ತು

ಎರಡನೇ ಪ್ರಶ್ನೆಗೆ ನೇರ ಉತ್ತರ: ಸ್ಮೂತ್ ಫಾಂಟ್‌ನಲ್ಲಿ ಕನ್ನಡ ಅಂಕಿ ಬರುತ್ತದೆ, ಪದ ಬರುವುದಿಲ್ಲ.

ಯೂನಿಕೋಡ್‌ನಲ್ಲಿ ಕನ್ನಡ ಉಚ್ಚಾರದ ಕ್ರಮದಲ್ಲಿ ಕೂತಿರುತ್ತದೆ, ಕಾಣುವ ಕ್ರಮದಲ್ಲಲ್ಲ. ನಿಮ್ಮದೇ ಪದ ತೆಗೆದುಕೊಳ್ಳಿ: ಆರ್ದ್ರತೆ. ಒಳಗೆ ಎಂಟು ಸಂಕೇತ: ಆ, ರ, ಹಲಂತ, ದ, ಹಲಂತ, ರ, ತ, ಎತ್ವ. ಯುಟಿಎಫ್-8ರಲ್ಲಿ 24 ಬೈಟ್. ತೆರೆಯ ಮೇಲೆ ಬರಬೇಕಾದ್ದು ಆ, ಆಮೇಲೆ ದ, ಅದರ ಕೆಳಗೆ ರ ಒತ್ತು, ಮೊದಲಿದ್ದ ರ ಹಿಂದಕ್ಕೆ ಹಾರಿ ಅರ್ಕಾವತ್ತಾಗಿ ದ ಬಲಕ್ಕೆ, ಕೊನೆಗೆ ತೆ. ಈ ಕುಣಿತ ಮಾಡಿಸುವುದು ಶೇಪಿಂಗ್ ಎಂಜಿನ್. ಕಂಪ್ಯೂಟರ್‌ನಲ್ಲಿ, ಫೋನ್‌ನಲ್ಲಿ ಹಾರ್ಫ್‌ಬಜ್ ಥರದ್ದೊಂದು ಹಿನ್ನೆಲೆಯಲ್ಲಿ ಇರುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಟಿಎಫ್‌ಟಿ-ಇಎಸ್‌ಪಿಐಯಲ್ಲಿ ಅದಿಲ್ಲ. ಒಂದು ಸಂಕೇತ, ಒಂದು ಚಿತ್ರ, ಪಕ್ಕಕ್ಕೆ ಸರಿ, ಇಷ್ಟೇ ಅದಕ್ಕೆ ಗೊತ್ತು. ಯು8ಜಿ2 ಎಂಬ ಇನ್ನೊಂದು ಪರದೆ ಲೈಬ್ರರಿ ಕೂಡ ಹಾಗೇ. ಎಲ್‌ವಿಜಿಎಲ್ ಎಂಬ ಮತ್ತೊಂದಕ್ಕೆ ಅರಬ್ಬಿ, ಪಾರ್ಸಿ ಅಕ್ಷರ ಜೋಡಿಸಲು ಬರುತ್ತದೆ, ನಮ್ಮ ಲಿಪಿಗಳ ಒತ್ತಕ್ಷರ ಬರುವುದಿಲ್ಲ.

ಒತ್ತಕ್ಷರ ಇಲ್ಲದ ಪದ ಹುಡುಕಿ ಹಾಕಿದರಾಯಿತು ಎಂದು ಹಲವರು ಯೋಚಿಸುತ್ತಾರೆ. ಆರ್ದ್ರತೆ ಬೇಡ, ತೇವಾಂಶ ಇರಲಿ ಅಂತ. ಅದೂ ಒಡೆಯುತ್ತದೆ. ತ ಮೇಲೆ ತಲೆಕಟ್ಟು ಇದೆಯಲ್ಲ, ತೇ ಆಗುವಾಗ ಆ ತಲೆಕಟ್ಟು ಹೋಗಿ ಅಲ್ಲಿ ಎತ್ವ ಕೂರಬೇಕು, ಬಲಕ್ಕೆ ದೀರ್ಘ ಬರಬೇಕು. ಶೇಪಿಂಗ್ ಇಲ್ಲದೆ ತಲೆಕಟ್ಟೂ ಉಳಿಯುತ್ತದೆ, ಎತ್ವವೂ ಅದರ ಪಕ್ಕ ಅನಾಥವಾಗಿ ನಿಲ್ಲುತ್ತದೆ. ಗುಣಿತಾಕ್ಷರವಿಲ್ಲದ ಕನ್ನಡ ಪದಗಳಲ್ಲೇ ಕೆಲಸ ಮುಗಿಸುವುದೆಂದರೆ ಕಗ, ಚಜ, ಬರಹ, ಸರಳ. ಅಷ್ಟರಲ್ಲಿ ಪರದೆ ತುಂಬುವುದಿಲ್ಲ.

ಆದರೆ ನಿಮ್ಮ ಕೆಲಸಕ್ಕೆ ಶೇಪಿಂಗ್ ಬೇಕಾಗಿಯೇ ಇಲ್ಲ. ಮೂರು ಹೆಸರು ಎಂದಿಗೂ ಬದಲಾಗುವುದಿಲ್ಲ, ಅವನ್ನು ಚಿತ್ರ ಮಾಡಿ. ಸಂಖ್ಯೆ ಬದಲಾಗುತ್ತಿರುತ್ತದೆ, ಅದನ್ನು ಫಾಂಟ್ ಮಾಡಿ. ೦ಯಿಂದ ೯ರವರೆಗಿನ ಅಂಕಿಗಳಿಗೆ ಒತ್ತೂ ಇಲ್ಲ, ತಲೆಕಟ್ಟಿನ ಬದಲಾವಣೆಯೂ ಇಲ್ಲ.

ಹೆಸರುಗಳನ್ನು ಚಿತ್ರ ಮಾಡುವ ಕ್ರಮ:

ಪರದೆಯನ್ನು ಅಡ್ಡಲಾಗಿ ತಿರುಗಿಸಿ (ರೊಟೇಷನ್ 1), 240 ಅಗಲ, 135 ಎತ್ತರ. ಮೂರು ಸಾಲು, ತಲಾ 45 ಚುಕ್ಕೆ. ಎಡಗಡೆ 128 ಚುಕ್ಕೆ ಹೆಸರಿಗೆ, ಬಲಗಡೆ 112 ಸಂಖ್ಯೆಗೆ. ಈ ಗಾಜಿನಲ್ಲಿ ಇಂಚಿಗೆ ಸುಮಾರು 240 ಚುಕ್ಕೆ ಇರುವುದರಿಂದ 28 ಚುಕ್ಕೆಯ ಅಕ್ಷರ ಎಂದರೂ ನಿಜದಲ್ಲಿ 3 ಮಿ.ಮೀ. ಅಷ್ಟೇ. ಅದಕ್ಕಿಂತ ಕೆಳಗೆ ಹೋಗಬೇಡಿ. 16ಕ್ಕೆ ಇಳಿಸಿದರೆ ಒತ್ತುಗಳು ಇರುವೆ ಸಾಲಿನಂತೆ ಕಾಣುತ್ತವೆ. ಮಣ್ಣಿನ ತೇವಾಂಶ ಎಂದು ಪೂರ್ತಿ ಬರೆದರೆ 28ರಲ್ಲಿ 128 ಚುಕ್ಕೆಗೆ ಹಿಡಿಸುವುದಿಲ್ಲ. ಮಣ್ಣು ಎಂದರೆ ಸಾಕು, ಪಕ್ಕದಲ್ಲಿ ಶೇಕಡಾ ಗುರುತು ಇರುತ್ತದಲ್ಲ.

ಕಂಪ್ಯೂಟರ್‌ನಲ್ಲಿ ಪೈಥಾನ್ ಮತ್ತು ಚಿತ್ರ ಮಾಡಲು ಅದರ ಪಿಲ್ಲೋ ಲೈಬ್ರರಿ. ಮೊದಲ ಕೆಲಸ, ಪಿಲ್ಲೋದ ಫೀಚರ್ಸ್ ಮಾಡ್ಯೂಲ್‌ನಲ್ಲಿ ರಾಕ್ಮ್ (ಶೇಪಿಂಗ್ ಮಾಡಿಸುವ ಲೈಬ್ರರಿ) ಇದೆಯೇ ಎಂದು ಕೇಳಿ. ಇಲ್ಲ ಎಂದು ಬಂದರೆ ಪಿಲ್ಲೋ ಕೂಡ ನಿಮ್ಮ ಬೋರ್ಡ್‌ನಂತೆಯೇ ಒಡೆದ ಕನ್ನಡ ಬಿಡಿಸುತ್ತದೆ, ಯಾವ ತಪ್ಪೂ ತೋರಿಸದೆ. ಪಿಲ್ಲೋ ಜೊತೆ ರಾಕ್ಮ್ ಬಂದಿರುತ್ತದೆ, ಅದಕ್ಕೆ ಬೇಕಾದ ಫ್ರೀಬಿಡಿ ಮಾತ್ರ ಸಿಸ್ಟಮ್‌ನಲ್ಲಿ ಬೇರೆ ಇರಬೇಕು. ಉಬುಂಟುವಿನಲ್ಲಿ ಲಿಬ್‌ಫ್ರೀಬಿಡಿ0 ಪ್ಯಾಕೇಜ್ ಹಾಕಿದರೆ ಸರಿ. ಆರ್ದ್ರತೆ ಎಂಬ ಪದವನ್ನೇ ಪರೀಕ್ಷೆಗೆ ಇಟ್ಟುಕೊಳ್ಳಿ, ಅರ್ಕಾವತ್ತೂ ರಾವತ್ತೂ ಎತ್ವವೂ ಒಂದೇ ಏಟಿಗೆ ತೇಲಿಬರುತ್ತವೆ.

128×44ರ ಒಂದು ಬಿಟ್ ಚಿತ್ರ ತೆರೆದು, ಹಿನ್ನೆಲೆ ಕಪ್ಪು, ಅಕ್ಷರ ಬಿಳಿ. ಇಲ್ಲೇ ಬಹಳ ಜನ ಎಡವುತ್ತಾರೆ: ಪ್ರತಿ ಪದವನ್ನೂ ಅದರ ಶಾಯಿ ಇರುವಷ್ಟಕ್ಕೆ ಕತ್ತರಿಸಿ ಇಡುತ್ತಾರೆ. ತಾಪ ಎಂಬುದಕ್ಕೆ ಕೆಳಗೆ ಏನೂ ಇಳಿಯುವುದಿಲ್ಲ, ಮಣ್ಣು ಎಂಬುದಕ್ಕೆ ಒತ್ತು ಇಳಿಯುತ್ತದೆ. ಕತ್ತರಿಸಿ ಸಾಲಿಗಿಟ್ಟರೆ ಒಂದು ಮೇಲೆ, ಒಂದು ಕೆಳಗೆ ಕುಣಿಯುತ್ತವೆ. ಕತ್ತರಿಸಬೇಡಿ. ಎಲ್ಲದಕ್ಕೂ ಅದೇ 44ರ ಎತ್ತರ, ಆಂಕರ್ ಎಡ-ಬೇಸ್‌ಲೈನ್, ಬೇಸ್‌ಲೈನ್ ಮೇಲಿನಿಂದ 28ನೇ ಚುಕ್ಕೆಯಲ್ಲಿ. ಕೆಳಗೆ ಒತ್ತಿಗೆ 16 ಚುಕ್ಕೆ ಉಳಿಯಿತು.

ಫಾಂಟ್ ತೆಳುವಾದದ್ದು ಬೇಡ. ನೋಟೊ ಸ್ಯಾನ್ಸ್ ಕನ್ನಡದ ಮೀಡಿಯಂ ಅಥವಾ ಸೆಮಿಬೋಲ್ಡ್ ಒಂದು ಬಿಟ್‌ಗೆ ಇಳಿಸಿದಾಗಲೂ ಗೆರೆ ಕಡಿಯದೆ ನಿಲ್ಲುತ್ತದೆ. ತೆಳು ಗೆರೆಯ ಫಾಂಟ್‌ಗಳಲ್ಲಿ ಸುಳಿಗಳು ತುಂಡಾಗಿ ಪ ಯಾವುದು ಷ ಯಾವುದು ತಿಳಿಯದು.

ಎಕ್ಸ್‌ಬಿಎಂ ಎಂಬ ಒಂದು ಬಿಟ್ ಚಿತ್ರದ ರೂಪದಲ್ಲಿ ಉಳಿಸಿದರೆ ಫೈಲ್ ನೇರವಾಗಿ ಸಿ ಭಾಷೆಯ ಅರೇ ರೂಪದಲ್ಲೇ ಇರುತ್ತದೆ. ಅರೇ ಘೋಷಿಸುವ ಸಾಲಿನ ಶುರುವಿನಲ್ಲಿ ಕಾನ್ಸ್ಟ್ ಸೇರಿಸಿ. ಅದಿಲ್ಲದಿದ್ದರೆ ಫ್ಲ್ಯಾಶ್‌ನಲ್ಲಿ ಇರಬೇಕಾದ್ದು ರ್ಯಾಮ್‌ಗೆ ಹೋಗಿ ಕೂರುತ್ತದೆ. ಒಂದು ಹೆಸರಿಗೆ 16 ಗುಣಿಸು 44, 704 ಬೈಟ್. ಇಪ್ಪತ್ತು ಹೆಸರು ಮಾಡಿದರೂ 14 ಕೆಬಿ. 4 ಎಂಬಿ ಫ್ಲ್ಯಾಶ್‌ಗೆ ಅದು ಸಾಸಿವೆ ಕಾಳು.

ಸಂಖ್ಯೆಗೆ: ಲೈಬ್ರರಿಯ ಟೂಲ್ಸ್ ಫೋಲ್ಡರ್‌ನಲ್ಲಿ ಕ್ರಿಯೇಟ್-ಫಾಂಟ್ ಎಂಬ ಪ್ರೊಸೆಸಿಂಗ್ ಸ್ಕೆಚ್ ಇದೆ. ಅದರಲ್ಲಿ ಯೂನಿಕೋಡ್ ವ್ಯಾಪ್ತಿಗೆ ಹತ್ತು ಕನ್ನಡ ಅಂಕಿ, ಚುಕ್ಕೆ, ಶೇಕಡಾ ಗುರುತು, ಋಣ ಚಿಹ್ನೆ ಇಷ್ಟೇ ಕೊಟ್ಟು 36 ಗಾತ್ರದ ಫಾಂಟ್ ಮಾಡಿ. ಇಡೀ ಫಾಂಟ್ ಪರಿವರ್ತಿಸಲು ಹೋದರೆ ಸುಮ್ಮನೆ ಭಾರ. ಕೋಡ್‌ನಲ್ಲಿ ಪ್ರತಿ ಅಂಕಿಯನ್ನು ಮೂರು ಬೈಟ್ ಮಾಡಬೇಕು: 224, 179, ಆಮೇಲೆ 166ಕ್ಕೆ ಆ ಅಂಕಿ ಕೂಡಿಸಿ. ೦ ಅಂದರೆ 166, ೯ ಅಂದರೆ 175. ಓದುವವರಿಗೆ ಇಂಗ್ಲಿಷ್ ಅಂಕಿ ಅಭ್ಯಾಸವಿದ್ದರೆ ಈ ಪಾಡೂ ಬೇಡ. ಬಸ್ಸಿನ ನಂಬರು, ಫೋನು, ಕರೆಂಟ್ ಬಿಲ್ಲು ಎಲ್ಲ ಅದರಲ್ಲೇ ಇರುವಾಗ ನನ್ನ ಮತ ಅದಕ್ಕೇ.

ವಾಕ್ಯ ಕಟ್ಟಲು ಮಾತ್ರ ಹೋಗಬೇಡಿ. ತೇವಾಂಶ ಶೇ. 40ಕ್ಕೆ ಇಳಿದಿದೆ ಎಂದು ತೋರಿಸಬೇಕೆಂದರೆ 40ಕ್ಕೆ, 41ಕ್ಕೆ ಸರಿಹೋದೀತು, 43ರಿಂದ, 45ರಷ್ಟು ಎಂದು ವಿಭಕ್ತಿ ಅಂಟಿಸುತ್ತಾ ಹೋದರೆ ಚಿತ್ರಗಳ ಸಂಖ್ಯೆ ಬೆಳೆಯುತ್ತದೆ. ಹೆಸರು ಎಡಕ್ಕೆ, ಸಂಖ್ಯೆ ಬಲಕ್ಕೆ. ಎಚ್ಚರಿಕೆಗೆ ‘ನೀರು ಹಾಕಿ’ ಎಂಬ ಒಂದು ಪೂರ್ತಿ ಚಿತ್ರ.

---

ಹಳೇ_ನುಡಿ

ಬೋರ್ಡ್‌ನಲ್ಲೇ ಪದ ಜೋಡಿಸಬೇಕೆನ್ನುವವರಿಗೆ ಇನ್ನೊಂದು ದಾರಿ ಇದೆ, ಹಳೆಯದು. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟ್‌ಗಳು.

ಆ ಫಾಂಟ್‌ಗಳು ಅಕ್ಷರವನ್ನಲ್ಲ, ಅಕ್ಷರದ ತುಂಡುಗಳನ್ನು ಸಂಕೇತಕ್ಕೆ ಕೂರಿಸಿದ್ದವು. ತಲೆಕಟ್ಟಿಲ್ಲದ ತ ಒಂದು ಬೈಟ್, ತಲೆಕಟ್ಟು ಒಂದು ಬೈಟ್, ಎತ್ವ ಒಂದು, ಪ್ರತಿ ಒತ್ತೂ ಒಂದು, ಅರ್ಕಾವತ್ತು ಒಂದು. ತೆ ಬೇಕೆಂದರೆ ಬೋಳು ತ ಜೊತೆಗೆ ಎತ್ವ, ಎರಡೇ ಬೈಟ್. ಎಲ್ಲವೂ ಕಾಣುವ ಕ್ರಮದಲ್ಲೇ ಇರುವುದರಿಂದ ಶೇಪಿಂಗ್ ಎಂಜಿನ್‌ನ ಹಂಗಿಲ್ಲ. ಆಗಿನ ವಿಂಡೋಸ್‌ಗೂ ಕನ್ನಡ ಜೋಡಿಸಲು ಬರುತ್ತಿರಲಿಲ್ಲ, ನಿಮ್ಮ ಬೋರ್ಡ್‌ನ ಸ್ಥಿತಿಯೂ ಅದೇ. ಅದಕ್ಕೇ ಆ ಔಷಧ ಇಲ್ಲಿಗೂ ಹತ್ತುತ್ತದೆ.

ಅಡಾಫ್ರೂಟ್ ಜಿಎಫ್‌ಎಕ್ಸ್ ಎಂಬ ಪರದೆ ಲೈಬ್ರರಿಯ ಫಾಂಟ್‌ಕನ್ವರ್ಟ್ ಉಪಕರಣದಿಂದ ಆ ಟಿಟಿಎಫ್ ಫೈಲನ್ನು 32ರಿಂದ 255ರವರೆಗೆ ಪರಿವರ್ತಿಸಿ. ಜಿಎಫ್‌ಎಕ್ಸ್ ಫಾಂಟ್‌ನಲ್ಲಿ ಪ್ರತಿ ತುಂಡಿಗೂ ಎಡಬಲ ಸರಿತ, ಮುಂದೆ ಹೋಗಬೇಕಾದ ದೂರ ಬೇರೆಬೇರೆ ಇಡಬಹುದು. ಸರಿತ ಋಣವೂ ಆಗಬಹುದು. ಹಾಗಾಗಿ ಒತ್ತು ಹಿಂದಿನ ಅಕ್ಷರದ ಕೆಳಗೆ ಹೋಗಿ ಕೂರುತ್ತದೆ.

ಎರಡು ಮುಳ್ಳು ಇವೆ. ಟಿಎಫ್‌ಟಿ-ಇಎಸ್‌ಪಿಐ 127ರ ಮೇಲಿನ ಬೈಟನ್ನು ಯುಟಿಎಫ್-8ರ ಭಾಗವೆಂದು ತಿಳಿದು ನುಂಗುತ್ತದೆ. ಸೆಟ್‌ಆಟ್ರಿಬ್ಯೂಟ್ ಫಂಕ್ಷನ್‌ನಲ್ಲಿ ಯುಟಿಎಫ್8-ಸ್ವಿಚ್ ಆಫ್ ಮಾಡಬೇಕು. ಇನ್ನೊಂದು, ಕೆಲವು ಫಾಂಟ್‌ಗಳಲ್ಲಿ 128ರಿಂದ 159ರ ನಡುವಿನ ತುಂಡುಗಳು ವಿಂಡೋಸ್-1252ರ ಪ್ರಕಾರ ಬೇರೆ ಯೂನಿಕೋಡ್ ಜಾಗದಲ್ಲಿ ಕೂತಿರುತ್ತವೆ, ಫಾಂಟ್‌ಕನ್ವರ್ಟ್‌ಗೆ ಆ ಜಾಗ ಖಾಲಿ ಕಾಣುತ್ತದೆ. ಪರದೆಯಲ್ಲಿ ಕೆಲವು ಅಕ್ಷರ ಮಾತ್ರ ಮಾಯವಾದರೆ ಕಾರಣ ಇದು. ಫಾಂಟ್‌ಫೋರ್ಜ್‌ನಲ್ಲಿ ತೆರೆದು ಅವನ್ನು ಖಾಲಿ ಜಾಗಕ್ಕೆ ನಕಲು ಮಾಡಿಕೊಳ್ಳಿ.

---

ಅರ್ಕಾವತ್ತು

@ಹಳೇ_ನುಡಿ ಜಾಣ ಉಪಾಯ, ಒಪ್ಪಿದೆ. ನೂರಾರು ಪದ, ಪಟ್ಟಿಯಿಂದ ಹೆಸರು ಆಯ್ದು ತೋರಿಸುವ ಕೆಲಸವಾದರೆ ಇದೇ ಸರಿ. ಮೂರು ಹೆಸರಿಗೆ ಬೇಡ ಅನಿಸುತ್ತದೆ. ಸೋರ್ಸ್ ಕೋಡ್‌ನಲ್ಲಿ ಆ ಬೈಟ್‌ಗಳು ಅರ್ಥವಿಲ್ಲದ ಕಸದಂತೆ ಕಾಣುತ್ತವೆ. ಆರು ತಿಂಗಳ ನಂತರ ‘ಮಣ್ಣು’ ಅನ್ನು ‘ನೆಲ’ ಎಂದು ತಿದ್ದಬೇಕಾದವರು ಮತ್ತೆ ಪರಿವರ್ತಕ ಹುಡುಕಿಕೊಂಡು ಹೋಗಬೇಕು. ಎಡಿಟರ್ ಆ ಫೈಲನ್ನು ಯುಟಿಎಫ್-8 ಆಗಿ ಉಳಿಸಿಬಿಟ್ಟರೆ ಒಂದು ಬೈಟ್ ಎರಡಾಗಿ ಇನ್ನೊಂದು ರಾಮಾಯಣ. ಬೈಟ್‌ಗಳನ್ನು ಸಂಖ್ಯೆಗಳಾಗಿ ಬರೆದು ಪಕ್ಕದ ಕಾಮೆಂಟ್‌ನಲ್ಲಿ ಯೂನಿಕೋಡ್ ಕನ್ನಡ ಇಟ್ಟರೆ ಸ್ವಲ್ಪ ವಾಸಿ.

---

ಹಸಿಮಣ್ಣು

ಸೆಟಪ್25 ಹಾಕಿದ ಮೇಲೆ ಪರದೆ ಸರಿ. ಚೌಕಟ್ಟಿನ ನಾಲ್ಕೂ ಗೆರೆ ಕಾಣುತ್ತಿವೆ. ಸೆನ್ಸರ್ 33ಕ್ಕೆ ಹೋದ ಮೇಲೆ ವೈಫೈ ಜೊತೆಗೂ ಓದುತ್ತಿದೆ. ಹೆಸರಿನ ಚಿತ್ರಗಳು ಕಂಪ್ಯೂಟರ್‌ನಲ್ಲಿ ಚೊಕ್ಕವಾಗಿವೆ, ಬೋರ್ಡ್‌ನಲ್ಲಿ ಮಾತ್ರ ಅಕ್ಷರ ಸಣ್ಣ ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಒಂದೊಂದು ಪಟ್ಟಿಯೂ ಕನ್ನಡಿಯಲ್ಲಿ ನೋಡಿದಂತೆ ತಿರುಗಿದೆ. ಸಂಖ್ಯೆ ಬದಲಾಗುವಾಗ ಮಿನುಗುತ್ತದೆ, 100 ಹೋಗಿ 99 ಬಂದರೆ ಹಳೆಯ ಅಂಕಿಯ ಬಾಲ ಉಳಿಯುತ್ತದೆ. ಕೊನೆಯದು: ಬ್ಯಾಟರಿ ಹಾಕಬೇಕು. ವೋಲ್ಟೇಜ್ ಯುಎಸ್‌ಬಿಯಲ್ಲಿ ಏನೋ ತೋರಿಸುತ್ತದೆ, ಬ್ಯಾಟರಿ ಮಾತ್ರ ಇದ್ದಾಗ ಸರಿಯಾಗಿ ಬರುವುದಿಲ್ಲ.

---

ಅರ್ಕಾವತ್ತು

ಪಟ್ಟಿಯ ಅಗಲ ಎಣಿಸಿ, 8 ಚುಕ್ಕೆ ಇರುತ್ತದೆ. ಡ್ರಾ-ಬಿಟ್‌ಮ್ಯಾಪ್ ಕರೆದಿದ್ದೀರಿ. ಅದು ಬೈಟ್‌ನ ದೊಡ್ಡ ಬಿಟ್‌ನಿಂದ ಶುರುಮಾಡುತ್ತದೆ. ಎಕ್ಸ್‌ಬಿಎಂ ಫೈಲ್‌ನಲ್ಲಿ ಚಿಕ್ಕ ಬಿಟ್ ಎಡಗಡೆ. ಡ್ರಾ-ಎಕ್ಸ್-ಬಿಟ್‌ಮ್ಯಾಪ್ ಎಂಬ ಬೇರೆ ಫಂಕ್ಷನ್ ಇದಕ್ಕೆಂದೇ ಇದೆ, ಹೆಸರಷ್ಟೇ ಬದಲಿಸಿ. ಅಕ್ಷರ ಕಪ್ಪಾಗಿ ಹಿನ್ನೆಲೆ ಬೆಳಗಿದರೆ ಎರಡು ಬಣ್ಣ ಅದಲುಬದಲು ಮಾಡಿ.

ಮುಂದೆ ಬಣ್ಣದ ಚಿತ್ರ ಹಾಕುವಾಗ, ಅಂದರೆ 16 ಬಿಟ್‌ನದು ಪುಶ್-ಇಮೇಜ್‌ನಿಂದ, ಹಸಿರೆಲೆ ನೇರಳೆಯಾಗಿ ಬಂದರೆ ಸೆಟ್-ಸ್ವಾಪ್-ಬೈಟ್ಸ್ ಆನ್ ಮಾಡಿ.

ಮಿನುಗಿಗೆ: ಹೆಸರುಗಳನ್ನು ಒಮ್ಮೆ ಮಾತ್ರ ಬಿಡಿಸಿ, ಲೂಪ್‌ನಲ್ಲಿ ಮುಟ್ಟಬೇಡಿ. ಬಲಗಡೆಯ 112×45 ಜಾಗಕ್ಕೆ ಒಂದು ಸ್ಪ್ರೈಟ್ (ಮೊದಲು ರ್ಯಾಮ್‌ನಲ್ಲೇ ಬಿಡಿಸಿಕೊಳ್ಳುವ ಚಿತ್ರ) ಮಾಡಿ, ಸಂಖ್ಯೆಯನ್ನು ಅದರಲ್ಲಿ ಬರೆದು ಒಟ್ಟಿಗೆ ತಳ್ಳಿ. 16 ಬಿಟ್‌ನಲ್ಲಿ 10,080 ಬೈಟ್ ರ್ಯಾಮ್, ಮೂರು ಸಾಲಿಗೂ ಅದೇ ಒಂದನ್ನು ಬಳಸಬಹುದು. ಪ್ರತಿ ಸಲ ಮೊದಲು ಸ್ಪ್ರೈಟ್‌ಗೆ ಹಿನ್ನೆಲೆ ಬಣ್ಣ ತುಂಬುವುದರಿಂದ ಬಾಲವೂ ಹೋಗುತ್ತದೆ. ಇಡೀ ಪರದೆಯ ಸ್ಪ್ರೈಟ್ ಕೂಡ ಆಗುತ್ತದೆ, 64,800 ಬೈಟ್. ಆದರೆ ವೈಫೈ ಶುರುವಾದ ಮೇಲೆ ಅಷ್ಟು ದೊಡ್ಡ ಒಂದೇ ತುಂಡು ಸಿಗದೆ ಕ್ರಿಯೇಟ್-ಸ್ಪ್ರೈಟ್ ಸದ್ದಿಲ್ಲದೆ ಸೋಲಬಹುದು. ಅದು ಹಿಂದಿರುಗಿಸುವ ಪಾಯಿಂಟರ್ ಸೊನ್ನೆಯೇ ಎಂದು ನೋಡಿ, ಅಥವಾ ವೈಫೈಗಿಂತ ಮೊದಲೇ ಸ್ಪ್ರೈಟ್ ಮಾಡಿಕೊಳ್ಳಿ. ಮೂರು ಸಂಖ್ಯೆಗೆ ಇಡೀ ಪರದೆ ಹೊತ್ತು ತಿರುಗುವುದು ದುಂದು ಅಂತ ನನ್ನ ಅಭಿಪ್ರಾಯ.

---

ಮೂರು_ವೋಲ್ಟ್

ಬ್ಯಾಟರಿಯ ವೋಲ್ಟೇಜ್ ಎರಡು ಸಮಾನ ರೆಸಿಸ್ಟರ್ ದಾಟಿ ಅರ್ಧವಾಗಿ 34ಕ್ಕೆ ಬರುತ್ತದೆ. ಆ ದಾರಿಗೆ ಒಂದು ಬಾಗಿಲಿದೆ, ಬಾಗಿಲ ಚಿಲಕ ಪಿನ್ 14. ಯುಎಸ್‌ಬಿ ಇದ್ದಾಗ ತಾನೇ ತೆರೆದಿರುತ್ತದೆ. ಬ್ಯಾಟರಿ ಮಾತ್ರ ಇದ್ದಾಗ 14ನ್ನು ಔಟ್‌ಪುಟ್ ಮಾಡಿ ಮೇಲೆತ್ತಬೇಕು. ಎತ್ತಿ, 10 ಮಿಲಿಸೆಕೆಂಡು ಬಿಟ್ಟು, ಅನಲಾಗ್-ರೀಡ್-ಮಿಲಿವೋಲ್ಟ್ಸ್‌ನಿಂದ 34 ಓದಿ, ಎರಡರಿಂದ ಗುಣಿಸಿ, ಮತ್ತೆ 14 ಇಳಿಸಿ. ಬರೀ ಅನಲಾಗ್-ರೀಡ್ ಬಳಸಿ 4095ರಿಂದ ಭಾಗಿಸುವ ಲೆಕ್ಕ ಬೇಡ. ಇಎಸ್‌ಪಿ32ರ ಎಡಿಸಿ ನೇರ ಗೆರೆಯಲ್ಲಿ ಓದುವುದಿಲ್ಲ, ಮಿಲಿವೋಲ್ಟ್ ಫಂಕ್ಷನ್ ಚಿಪ್‌ನೊಳಗಿನ ತಿದ್ದುಪಡಿ ಸಂಖ್ಯೆಯನ್ನು ಬಳಸುತ್ತದೆ. ಹತ್ತು ಸಲ ಓದಿ ಸರಾಸರಿ ತೆಗೆಯಿರಿ. ಯುಎಸ್‌ಬಿ ಹಚ್ಚಿರುವಾಗ ಬಂದ ಸಂಖ್ಯೆ ಬ್ಯಾಟರಿಯದ್ದೆಂದು ನಂಬಬೇಡಿ.

ಕನೆಕ್ಟರ್ 1.25 ಮಿ.ಮೀ. ಅಂತರದ ಎರಡು ಪಿನ್‌ದು. ಸಾಮಾನ್ಯವಾಗಿ ಸಿಗುವ 2 ಮಿ.ಮೀ. ಪ್ಲಗ್ ಇದಕ್ಕೆ ಹೋಗುವುದಿಲ್ಲ, ಒತ್ತಿ ತುರುಕಬೇಡಿ. ಪ್ಲಗ್ ಸರಿಹೊಂದಿತೆಂದು ಧನ ಋಣ ಸರಿಯಿದೆ ಎಂದುಕೊಳ್ಳಬಾರದು. ಬ್ಯಾಟರಿ ಮಾಡುವವರಲ್ಲಿ ಕೆಂಪು ತಂತಿ ಯಾವ ಕಡೆ ಎಂಬುದಕ್ಕೆ ಒಮ್ಮತವಿಲ್ಲ. ಮಲ್ಟಿಮೀಟರ್‌ನಿಂದ ನೋಡಿ, ಬೋರ್ಡ್‌ನ ಗುರುತಿಗೆ ಹೋಲಿಸಿ. ತಿರುಗಾ ಇದ್ದರೆ ಪ್ಲಗ್‌ನ ಪ್ಲಾಸ್ಟಿಕ್ ನಾಲಿಗೆಯನ್ನು ಸೂಜಿಯಿಂದ ಎತ್ತಿ ಒಂದೊಂದೇ ತಂತಿ ಹೊರಗೆಳೆದು ಅದಲುಬದಲು ಮಾಡಿ. ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಕತ್ತರಿಯೇ ಶಾರ್ಟ್ ಮಾಡುತ್ತದೆ. ತಿರುಗಾ ಹಾಕಿದರೆ ಚಾರ್ಜಿಂಗ್ ಚಿಪ್ ಕ್ಷಣದಲ್ಲಿ ಹೋಗುತ್ತದೆ. 100, 150 ಎಂಎಎಚ್‌ನ ಆಟಿಕೆ ಬ್ಯಾಟರಿ ಬೇಡ, ಈ ಬೋರ್ಡ್ ಚಾರ್ಜ್ ಮಾಡುವ ಕರೆಂಟ್ ಅವಕ್ಕೆ ಹೆಚ್ಚು. 1000 ಎಂಎಎಚ್ ಅಥವಾ ಮೇಲೆ ನೋಡಿ.

ಬ್ಯಾಟರಿ ಬಾಳಿಕೆಗೆ ದೊಡ್ಡ ಶತ್ರುಗಳು ವೈಫೈ ಮತ್ತು ಬ್ಯಾಕ್‌ಲೈಟ್. ಓದಿ, ಕಳಿಸಿ, 4ನ್ನು ಇಳಿಸಿ, ಪರದೆಯ ಚಿಪ್‌ಗೆ ಸ್ಲೀಪ್-ಇನ್ ಆದೇಶ (ಹೆಕ್ಸ್‌ನಲ್ಲಿ 10) ಕೊಟ್ಟು ಡೀಪ್ ಸ್ಲೀಪ್‌ಗೆ ಹೋಗಿ. ಪಿನ್ 35ರ ಬಟನ್ ಒತ್ತಿದಾಗ ಏಳುವಂತೆ ಮಾಡಿದರೆ ನೋಡಬೇಕಾದಾಗ ಮಾತ್ರ ಪರದೆ ಹೊತ್ತುತ್ತದೆ. ಬಟನ್ ಒತ್ತಿದರೆ 35 ಕೆಳಗಿಳಿಯುತ್ತದೆ, ಅದಕ್ಕೆ ವೇಕಪ್ ಮಟ್ಟ ಸೊನ್ನೆ ಕೊಡಿ. ಬೆಳಕನ್ನು ಮಂದ ಮಾಡಲು ಪಿಡಬ್ಲ್ಯುಎಂ (ದೀಪವನ್ನು ವೇಗವಾಗಿ ಆನ್-ಆಫ್ ಮಾಡುವುದು) ಹಾಕುವುದಾದರೆ ಹಳೆಯ ಪಾಠಗಳ ಲೆಡ್‌ಸಿ-ಸೆಟಪ್, ಲೆಡ್‌ಸಿ-ಅಟ್ಯಾಚ್-ಪಿನ್ ಎರಡೂ ಇಎಸ್‌ಪಿ32 ಕೋರ್‌ನ (ಆರ್ಡುಯಿನೊದ ಇಎಸ್‌ಪಿ32 ಬೋರ್ಡ್ ಪ್ಯಾಕೇಜ್) 3ನೇ ಆವೃತ್ತಿಯಲ್ಲಿ ಇಲ್ಲ. ಅಲ್ಲಿ ಲೆಡ್‌ಸಿ-ಅಟ್ಯಾಚ್ ಒಂದೇ, ಬರೆಯುವಾಗ ಚಾನೆಲ್ ಬದಲು ಪಿನ್ ಸಂಖ್ಯೆ. ಕಂಪೈಲ್ ಎರರ್ ಬಂದರೆ ಗಾಬರಿ ಬೇಡ.

ಇಲ್ಲಿಗೆ ಹುಡುಕಿಕೊಂಡು ಬಂದು ಪೋರ್ಟೇ ಕಾಣದವರಿಗೆ: ಮೊದಲು ಡೇಟಾ ತಂತಿ ಇರುವ ಕೇಬಲ್ ಹಾಕಿ, ಸಿ-ಯಿಂದ-ಸಿ ಕೇಬಲ್‌ನಲ್ಲಿ ಜೀವ ಬರದಿದ್ದರೆ ಎ-ಯಿಂದ-ಸಿ ಹಾಕಿ. ಯುಎಸ್‌ಬಿ ಚಿಪ್ ಸಿಪಿ2104 ಆದರೆ ಲಿನಕ್ಸ್‌ನಲ್ಲಿ ಟಿಟಿವೈ-ಯುಎಸ್‌ಬಿ0, ಸಿಎಚ್9102 ಆದರೆ ಟಿಟಿವೈ-ಎಸಿಎಂ0 ಎಂದು ಬರುತ್ತದೆ. ನಿಮ್ಮ ಲಾಗಿನ್ ಡಯಲ್‌ಔಟ್ ಗುಂಪಿನಲ್ಲಿರಬೇಕು. ಉಬುಂಟು 22.04ರಲ್ಲಿ ಪೋರ್ಟ್ ಬಂದು ತಕ್ಷಣ ಮಾಯವಾದರೆ ಬಿಆರ್‌ಎಲ್‌ಟಿಟಿವೈ ಎಂಬ ಬ್ರೈಲ್ ಸೇವೆ ಕಸಿದುಕೊಂಡಿದೆ. ಬ್ರೈಲ್ ಸಾಧನ ಬಳಸದಿದ್ದರೆ ತೆಗೆದುಹಾಕಿ. ಅಪ್‌ಲೋಡ್ ಕನೆಕ್ಟಿಂಗ್ ಎಂದು ಚುಕ್ಕೆ ಹಾಕುತ್ತಾ ನಿಂತರೆ ಪಿನ್ 0ರ ಬಟನ್ ಒತ್ತಿ ಹಿಡಿದು ರೀಸೆಟ್ ತಟ್ಟಿ, ವೇಗ 921600ರಿಂದ 115200ಕ್ಕೆ ಇಳಿಸಿ.

---

ಒಂದೂವರೆ_ಇಂಚು

ಎಸ್3 ಮಾದರಿ ಕೊಂಡವರು ಮೇಲಿನ ಪಿನ್ ಯಾವುದನ್ನೂ ನಕಲು ಮಾಡಬೇಡಿ. ಟಿ-ಡಿಸ್‌ಪ್ಲೇ-ಎಸ್3ರ ಪರದೆ 1.9 ಇಂಚು, 170×320, ಎಸ್‌ಪಿಐ ಅಲ್ಲ, 8 ತಂತಿಯ ಪ್ಯಾರಲಲ್. ಸೆಲೆಕ್ಟ್ ಫೈಲ್‌ನಲ್ಲಿ ಸೆಟಪ್206 ತೆರೆಯಿರಿ. ಬ್ಯಾಕ್‌ಲೈಟ್ 38. ಯುಎಸ್‌ಬಿಯಲ್ಲಿ ಸರಿ, ಬ್ಯಾಟರಿಯಲ್ಲಿ ಪರದೆ ಕಪ್ಪು ಎಂದರೆ ಪಿನ್ 15ನ್ನು ಸೆಟಪ್‌ನ ಮೊದಲ ಸಾಲಿನಲ್ಲೇ ಮೇಲೆತ್ತಿ, ಪರದೆಗೆ ವಿದ್ಯುತ್ ಬಿಡುವುದು ಅದೇ. ಸೀರಿಯಲ್ ಮಾನಿಟರ್‌ನಲ್ಲಿ ಏನೂ ಬರದಿದ್ದರೆ ಟೂಲ್ಸ್ ಮೆನುವಿನಲ್ಲಿ ಯುಎಸ್‌ಬಿ ಸಿಡಿಸಿ ಆನ್ ಬೂಟ್ ಅನ್ನು ಎನೇಬಲ್ಡ್ ಮಾಡಿ. ಇಎಸ್‌ಪಿ32 ಕೋರ್ 2.0.14 ಹಾಕಿಕೊಂಡರೆ ಈ ಲೈಬ್ರರಿ ಜೊತೆ ತಲೆನೋವು ಕಡಿಮೆ.

ಕನ್ನಡದ ಚಿತ್ರಗಳು ಮಾತ್ರ ಇಲ್ಲೂ ಹಾಗೇ ನಡೆಯುತ್ತವೆ. 320 ಅಗಲ ಇರುವುದರಿಂದ ಹೆಸರಿಗೆ 192 ಚುಕ್ಕೆ ಕೊಟ್ಟು ಮಣ್ಣಿನ ತೇವಾಂಶ ಎಂದು ಪೂರ್ತಿ ಬರೆಯಲು ನೋಡಬಹುದು. 170ರ ಎತ್ತರವನ್ನು ಮೂರಾಗಿ ಹಂಚಿದರೆ ಸಾಲಿಗೆ 56 ಸಿಗುತ್ತದೆ.